ಪೆಂಗ್ವಿನ್ನಿನ ಪಾಲು, ಬೂತಾಯಿಯ ಲೆಕ್ಕ

2025ರ ಆಗಸ್ಟ್ ತಿಂಗಳ ಆರಂಭದಲ್ಲಿ ಎರಡು ಕಡಲುಗಳಿಂದ ಎರಡು ಸುದ್ದಿಗಳು ಬಂದವು. ಮೊದಲನೆಯದು ನಮ್ಮ ಮುಂಬಯಿಯದೇ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮಳೆಗಾಲದ ನಿಷೇಧ ಮುಗಿದು, ವರ್ಸೋವಾ, ಮಢ, ಸಸೂನ್ ಡಾಕ್‌ಗಳಲ್ಲಿ ಲಂಗರು ಹಾಕಿದ್ದ ದೋಣಿಗಳು ಮತ್ತೆ ಕಡಲಿಗಿಳಿಯಲು ಅಣಿಯಾದವು. ಎರಡನೆಯದು ಭೂಮಿಯ ದಕ್ಷಿಣದ ತುದಿಯದು. ಅಂಟಾರ್ಕ್ಟಿಕಾದ ಸುತ್ತಣ ಸಾಗರದ ಅಟ್ಲಾಂಟಿಕ್ ಭಾಗದಲ್ಲಿ ಕ್ರಿಲ್ ಎಂಬ ಸಿಗಡಿಯಂಥ ಜೀವಿಯನ್ನು ಹಿಡಿಯುತ್ತಿದ್ದ ಹಡಗುಗಳಿಗೆ, ನವೆಂಬರ್ ಅಂತ್ಯದವರೆಗೆ ಋತುವಿದ್ದರೂ, ಆ ವರ್ಷಕ್ಕೆ ಸಾಕು ಎಂದು ಬಾಗಿಲು ಮುಚ್ಚಲಾಯಿತು. ಹಿಡಿದ ಕ್ರಿಲ್‌ನ ತೂಕ 6,20,000 ಟನ್ನುಗಳ ಗಡಿಯನ್ನು ಮುಟ್ಟಿತ್ತು. ಆ ಗಡಿಯನ್ನು ಗುರುತಿಸಿದ ಮೇಲೆ ಮೀನುಗಾರಿಕೆ ಅದನ್ನು ಮುಟ್ಟಿದ್ದು ಅದೇ ಮೊದಲು.

ಒಂದು ಕಡಲು ತೆರೆದದ್ದು ಪಂಚಾಂಗ ನೋಡಿ, ಇನ್ನೊಂದು ಮುಚ್ಚಿದ್ದು ತಕ್ಕಡಿ ನೋಡಿ. ಈ ವ್ಯತ್ಯಾಸವೇ ನನ್ನನ್ನು ಈ ಲೇಖನಕ್ಕೆ ಹಚ್ಚಿದೆ.

ನಾನು ವೃತ್ತಿಯಿಂದ ಕೇಂದ್ರ ಸರಕಾರದ ಲೆಕ್ಕಪರಿಶೋಧನೆಯವನು. ಮೀನುಗಾರಿಕಾ ವಿಜ್ಞಾನಿಯಲ್ಲ. ಅರ್ಥಶಾಸ್ತ್ರದ ಎಂ.ಎ. ಪದವಿಯೂ ಕಡತಗಳ ಧೂಳೂ ನನಗೆ ಕಲಿಸಿರುವುದು ಒಂದೇ ಪ್ರಶ್ನೆಯನ್ನು: ಖರ್ಚಾದದ್ದು ಬಡ್ಡಿಯೋ, ಮೂಲಧನವೋ? ಆದರೆ ಹುಟ್ಟಿದ್ದು ಮಲ್ಪೆಗೆ ಸಮೀಪದ ಕಡಲ ತಡಿಯಲ್ಲಿ, ಶಾಲಾ ಮಾಸ್ತರರೊಬ್ಬರ ಮಗನಾಗಿ. ರಂಪಣಿ ಬಲೆಯ ಕೊನೆಯ ದಿನಗಳನ್ನು ಬಾಲಕನಾಗಿ ಕಂಡವನು. ಹಗ್ಗಕ್ಕೆ ಕೈಹಚ್ಚಿದ ಹುಡುಗರಿಗೂ ಅಂದು ಒಂದು ಬೊಗಸೆ ಬೂತಾಯಿ ಸಿಗುತ್ತಿತ್ತು. ಈ ನೆನಪಿಗೆ ಚಿನ್ನದ ಚೌಕಟ್ಟು ಹಾಕಲು ನಾನು ಸಿದ್ಧನಿಲ್ಲ. ಬಲೆ ತುಂಬಿ ಬಂದ ದಿನ ಮಾರಾಟವಾಗದ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿದ್ದುದೂ ನನಗೆ ನೆನಪಿದೆ. ಆದರೂ ಬಲೆಗೊಂದು, ದೋಣಿಗೊಂದು, ಎಳೆದವನಿಗೊಂದು ಎಂದು ಪಾಲು ಹಾಕುವ ಕ್ರಮವೊಂದು ಅಲ್ಲಿತ್ತು. ಪಾಲು ಎಂಬ ಆ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಅದರ ಸುತ್ತಲೇ ಇದೆ.

ನಮ್ಮ ಸಂಘದ ತಿಂಗಳ ಕೂಟದಲ್ಲಿ ಈ ವಿಷಯವನ್ನು ಎತ್ತಿದಾಗ ಸಸೂನ್ ಡಾಕಿನ ಮೀನು ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದ ಮೊಗವೀರ ಗೆಳೆಯರೊಬ್ಬರು ನಕ್ಕುಬಿಟ್ಟರು. "ಎಂತ ಮಾರಾಯ್ರೆ, ಊರಲ್ಲಿ ಬೂತಾಯಿಗೆ ಗತಿಯಿಲ್ಲ, ನಿಮಗೆ ಪೆಂಗ್ವಿನ್ನಿನ ಚಿಂತೆ" ಎಂದರು. ಸಭೆಯೂ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಹಿಂದಿರುಗುವಾಗ ಲೋಕಲ್ ಗಾಡಿಯಲ್ಲಿ ನಿಂತುಕೊಂಡು ಯೋಚಿಸಿದಾಗ, ಅವರ ಮಾತಿನ ಎರಡು ತುದಿಗಳೂ ಒಂದೇ ಹಗ್ಗದವು ಎಂದು ಹೊಳೆಯಿತು.

ಮೊದಲು ಕ್ರಿಲ್‌ನ ವಿಚಾರ. ನಮ್ಮ ಕಿರುಬೆರಳಿಗಿಂತ ತುಸು ಉದ್ದದ, ಒಂದೆರಡು ಗ್ರಾಂ ತೂಗುವ ಈ ಜೀವಿ ಗುಂಪುಗುಂಪಾಗಿ ಬದುಕುತ್ತದೆ. ಅದರ ಮರಿಗಳು ಚಳಿಗಾಲದಲ್ಲಿ ಹಿಮಗಡ್ಡೆಯ ತಳಕ್ಕೆ ಅಂಟಿದ ಪಾಚಿಯನ್ನು ತಿಂದು ಬೆಳೆಯುತ್ತವೆ. ಪೆಂಗ್ವಿನ್ನು, ಸೀಲು, ತಿಮಿಂಗಿಲ, ಕಡಲ ಹಕ್ಕಿ, ಮೀನು ಎಲ್ಲಕ್ಕೂ ಅದೇ ಅನ್ನ. ಮನುಷ್ಯ ಅದನ್ನು ತಾನೇ ತಿನ್ನುವುದು ಕಡಿಮೆ. ಸಾಕಣೆಯ ಸಾಲ್ಮನ್ ಮೀನಿನ ಆಹಾರಕ್ಕಾಗಿ ಹುಡಿಮಾಡುತ್ತಾನೆ, ಇಲ್ಲವೇ ಎಣ್ಣೆ ತೆಗೆದು ಔಷಧದಂಗಡಿಯ ಗುಳಿಗೆಗಳಲ್ಲಿ ತುಂಬುತ್ತಾನೆ. ಈ ಮೀನುಗಾರಿಕೆಯಲ್ಲಿ ನಾರ್ವೆ ಮತ್ತು ಚೀನಾದ ಹಡಗುಗಳದೇ ಮೇಲುಗೈ.

ಆ ಕಡಲಿನ ಹಳೆಯ ಚರಿತ್ರೆ ಹಿತಕರವಾದುದಲ್ಲ. ಸೀಲುಗಳನ್ನು ತೊಗಲಿಗಾಗಿ, ತಿಮಿಂಗಿಲಗಳನ್ನು ಎಣ್ಣೆಗಾಗಿ ಮುಗಿಸಿದ ಮೇಲೆ ಸರದಿ ಮೀನಿಗೆ ಬಂತು. ದಕ್ಷಿಣ ಜಾರ್ಜಿಯಾ ದ್ವೀಪದ ಸುತ್ತ ಮಾರ್ಬಲ್ಡ್ ರಾಕ್‌ಕಾಡ್ ಎಂಬ ಮೀನನ್ನು ಸೋವಿಯತ್ ಹಡಗುಗಳು 1969-70ರ ಒಂದೇ ಋತುವಿನಲ್ಲಿ ಸುಮಾರು 4 ಲಕ್ಷ ಟನ್ ಎತ್ತಿದವು. ಮರುವರ್ಷ ಸಿಕ್ಕಿದ್ದು ಅದರ ನಾಲ್ಕನೆಯ ಒಂದಂಶ. ಆಮೇಲೆ ಹಿಡಿಯಲು ಉಳಿದದ್ದೇ ಅತ್ಯಲ್ಪ. ಆ ಸಂತತಿ ಹತ್ತಾರು ವರ್ಷ ಚೇತರಿಸಿಕೊಳ್ಳಲಿಲ್ಲ.

ಇದು ದೂರದ ಕತೆ ಎಂದುಕೊಳ್ಳುವವರಿಗೆ ಇನ್ನೊಂದನ್ನು ಹೇಳುತ್ತೇನೆ. 1960ರ ದಶಕದಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟ ಸೋವಿಯತ್ ತಿಮಿಂಗಿಲ ಬೇಟೆಯ ಹಡಗುಗಳು ದಾರಿಯಲ್ಲಿ ನಮ್ಮ ಅರಬ್ಬೀ ಸಮುದ್ರವನ್ನು ಹಾದುಹೋದವು. ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ತೀರಗಳಾಚೆ 242 ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಕೊಂದವು. ಹೆಚ್ಚುಕಡಿಮೆ ಎಲ್ಲವನ್ನೂ 1966ರ ನವೆಂಬರ್ ಒಂದೇ ತಿಂಗಳಲ್ಲಿ. ಅಂತಾರಾಷ್ಟ್ರೀಯ ಆಯೋಗಕ್ಕೆ ಸಲ್ಲಿಸಿದ ಲೆಕ್ಕದಲ್ಲಿ ಇದರ ಸುಳಿವಿರಲಿಲ್ಲ. ಸೋವಿಯತ್ ಒಕ್ಕೂಟ ಕುಸಿದ ಮೇಲೆ, ಆ ಹಡಗುಗಳಲ್ಲಿದ್ದ ವಿಜ್ಞಾನಿಗಳೇ ಜೋಪಾನವಾಗಿಟ್ಟಿದ್ದ ನಿಜದ ದಾಖಲೆಗಳನ್ನು ಹೊರತಂದಾಗ, 1990ರ ದಶಕದಲ್ಲಿ ಸಂಗತಿ ಬೆಳಕಿಗೆ ಬಂತು. ಬೇರೆ ಕಡಲುಗಳ ಹಂಪ್‌ಬ್ಯಾಕ್‌ಗಳು ಋತುವಿಗೆ ಅನುಸಾರವಾಗಿ ಧ್ರುವದ ಕಡೆಗೆ ವಲಸೆ ಹೋಗುತ್ತವೆ. ಅರಬ್ಬೀ ಸಮುದ್ರದವು ಹೋಗುವುದಿಲ್ಲ. ವರ್ಷವಿಡೀ ಇಲ್ಲೇ ಇದ್ದು, ಮುಂಗಾರು ಕಲಕುವ ನೀರಿನ ಬೂತಾಯಿಯಂಥ ಸಣ್ಣ ಮೀನುಗಳನ್ನೂ ಕ್ರಿಲ್‌ನ ಬಂಧುಗಳನ್ನೂ ತಿಂದು ಬದುಕುತ್ತವೆ. ಅವುಗಳ ಸಂಖ್ಯೆ ಇಂದು ತೀರ ಕಡಿಮೆ. ಎರಡು ಲೆಕ್ಕಪುಸ್ತಕಗಳನ್ನಿಟ್ಟ ವ್ಯಾಪಾರಿಗಳನ್ನು ನಾನು ಕಂಡಿದ್ದೇನೆ. ಕಡಲಿಗೇ ಎರಡು ಲೆಕ್ಕ ಇಟ್ಟ ಸಾಮ್ರಾಜ್ಯದ ಕತೆ ಓದಿದ್ದು ಇದೊಂದೇ.

ಇಂಥ ಅನುಭವಗಳ ಬೆನ್ನಿಗೇ 1980ರಲ್ಲಿ ಕ್ಯಾನ್‌ಬೆರಾದಲ್ಲಿ ಅಂಟಾರ್ಕ್ಟಿಕಾ ಕಡಲಜೀವಿ ಸಂಪನ್ಮೂಲ ಸಂರಕ್ಷಣೆಯ ಒಪ್ಪಂದವಾಯಿತು. 1982ರಲ್ಲಿ ಅದು ಜಾರಿಗೆ ಬಂತು. ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ಪಟ್ಟಣದಲ್ಲಿ ಅದರ ಆಯೋಗದ ಕಚೇರಿಯಿದೆ. ಇಂದು ಅದರಲ್ಲಿ 27 ಸದಸ್ಯರಿದ್ದಾರೆ. 1986ರಿಂದ ಭಾರತವೂ ಒಬ್ಬ ಸದಸ್ಯ.

ಈ ಒಪ್ಪಂದದ ಹೃದಯ ಅದರ ಎರಡನೆಯ ವಿಧಿ. ಹಿಡಿಯುವ ಜೀವಿ ಬರಿದಾಗಬಾರದು ಎಂಬಲ್ಲಿಗೇ ಅದು ನಿಲ್ಲುವುದಿಲ್ಲ. ಆ ಜೀವಿಯನ್ನು ನೆಚ್ಚಿಕೊಂಡ ಇತರ ಜೀವಿಗಳ ಸಂಬಂಧವೂ ಕೆಡಬಾರದು, ಮತ್ತು ಎರಡು ಮೂರು ದಶಕಗಳಲ್ಲಿ ಸರಿಪಡಿಸಲಾಗದಂಥ ಬದಲಾವಣೆಯ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಾರದು ಎನ್ನುತ್ತದೆ. ಇದನ್ನು ಅಂಕಿಗೆ ಇಳಿಸಿದ ರೀತಿ ನನ್ನಂಥ ಲೆಕ್ಕಿಗನಿಗೆ ಬಹಳ ಇಷ್ಟವಾದದ್ದು. ಒಂದೇ ಜೀವಿಯ ಕ್ಷೇಮವನ್ನು ನೋಡುವ ಲೆಕ್ಕವಾಗಿದ್ದರೆ, ಮೀನುಗಾರಿಕೆ ಇಲ್ಲದಾಗ ಎಷ್ಟಿರುತ್ತಿತ್ತೋ ಅದರ ಅರ್ಧ ಉಳಿದರೆ ಸಾಕು ಎನ್ನಬಹುದಿತ್ತು. ಏನನ್ನೂ ಮುಟ್ಟದಿದ್ದರೆ ನೂರಕ್ಕೆ ನೂರು ಉಳಿಯುತ್ತದೆ. ಕ್ರಿಲ್‌ನ ಮಟ್ಟಿಗೆ ಇವೆರಡರ ನಡುವಣ 75ನ್ನು ಆಯೋಗ ಆರಿಸಿತು. ಹೆಚ್ಚಿನ ಆ 25 ಪೆಂಗ್ವಿನ್, ಸೀಲು, ತಿಮಿಂಗಿಲಗಳ ಪಾಲು. ಪಾಲನ್ನು ಮೊದಲೇ ಎತ್ತಿಟ್ಟು, ಉಳಿದದ್ದರ ಮೇಲೆ ಮನುಷ್ಯ ಲೆಕ್ಕ ಹಾಕಬೇಕು. ಲಾಭ ಬಂದ ಮೇಲೆ ಧರ್ಮಕ್ಕೆ ಎಷ್ಟು ಎಂದು ಕೇಳುವ ಪದ್ಧತಿಗಿಂತ ಇದು ತೀರ ಬೇರೆ.

ಆ ಪಾಲು ಸಲ್ಲುತ್ತಿದೆಯೇ ಎಂದು ನೋಡುವ ಏರ್ಪಾಡೂ ಇದೆ. ಪೆಂಗ್ವಿನ್ ಮರಿಗಳ ತೂಕ ಎಷ್ಟು, ತಾಯಿ ಆಹಾರಕ್ಕೆ ಹೋಗಿ ಬರಲು ಎಷ್ಟು ಹೊತ್ತು ಎಂಬುದನ್ನು ಗೊತ್ತಾದ ನೆಲೆಗಳಲ್ಲಿ ವರ್ಷವರ್ಷವೂ ದಾಖಲಿಸುತ್ತಾರೆ. ಕ್ರಿಲ್ ಹಡಗುಗಳಲ್ಲಿ ವೀಕ್ಷಕರಿರುತ್ತಾರೆ. ಆಳದ ಟೂತ್‌ಫಿಶ್ ಮೀನಿಗೆ ಹಾಕುವ ಉದ್ದ ಗಾಳದ ಸಾಲುಗಳಿಗೆ ಸಿಕ್ಕಿ ಒಂದು ಕಾಲಕ್ಕೆ ಸಾವಿರಾರು ಆಲ್ಬಟ್ರಾಸ್, ಪೆಟ್ರೆಲ್ ಹಕ್ಕಿಗಳು ಸಾಯುತ್ತಿದ್ದವು. ರಾತ್ರಿಯಲ್ಲೇ ಗಾಳ ಬಿಡಬೇಕು, ಹಕ್ಕಿ ಬೆದರಿಸುವ ಪಟ್ಟಿಗಳನ್ನು ಕಟ್ಟಬೇಕು, ಸಾಲಿಗೆ ಭಾರ ಹಾಕಿ ಬೇಗ ಮುಳುಗಿಸಬೇಕು ಎಂಬ ಸಾದಾ ನಿಯಮಗಳಿಂದ, ಪರವಾನಗಿ ಪಡೆದ ಹಡಗುಗಳ ಮಟ್ಟಿಗೆ, ಆ ಸಾವು ಬೆರಳೆಣಿಕೆಗೆ ಇಳಿಯಿತು.

ಎಲ್ಲವೂ ಸುಸೂತ್ರವಾಗಿದೆ ಎಂದು ಹೇಳಲಾರೆ. 6,20,000 ಟನ್ ಎಂಬುದು ಅಟ್ಲಾಂಟಿಕ್ ಭಾಗದ ಕ್ರಿಲ್‌ನ ಅಂದಾಜು ತೂಕದ ಶೇಕಡಾ ಒಂದರಷ್ಟು ಮಾತ್ರ. 2019ರ ಸಮೀಕ್ಷೆ ಅಲ್ಲಿ ಸುಮಾರು 6 ಕೋಟಿ 26 ಲಕ್ಷ ಟನ್ ಕ್ರಿಲ್ ಇದೆಯೆಂದಿತು. ಕೇಳಲು ಅತ್ಯಲ್ಪ. ಆದರೆ ಒಟ್ಟು ಮೊತ್ತ ಸರಿಯಿದ್ದರೂ ಒಂದೇ ಖಾತೆಯಿಂದ ತೆಗೆದರೆ ಆ ಖಾತೆ ದಿವಾಳಿಯಾಗುತ್ತದೆಂದು ಯಾವ ಗುಮಾಸ್ತನೂ ಬಲ್ಲ. ಹಡಗುಗಳು ಮುಗಿಬೀಳುವುದು ಪೆಂಗ್ವಿನ್‌ಗಳು ಮರಿಮಾಡುವ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಅಂಚಿಗೆ. ಇದನ್ನು ತಡೆಯಲೆಂದೇ 2009ರಲ್ಲಿ ಮಿತಿಯನ್ನು ನಾಲ್ಕು ಪ್ರದೇಶಗಳಿಗೆ ಹಂಚಿದ್ದರು. ಆ ಹಂಚಿಕೆಯ ನಿಯಮವನ್ನು ಮುಂದುವರಿಸಲು 2024ರಲ್ಲಿ ಒಮ್ಮತ ಸಿಗದೆ ಅದು ಬಿದ್ದುಹೋಯಿತು. ಮರುವರ್ಷವೇ ಹಡಗುಗಳು ಒಂದೆಡೆ ಗುಂಪುಗೂಡಿ ಆಗಸ್ಟಿಗೇ ಗಡಿ ಮುಟ್ಟಿದವು. ಒಮ್ಮತದ ಆಡಳಿತದಲ್ಲಿ ಒಬ್ಬ ತಲೆಯಲ್ಲಾಡಿಸಿದರೂ ಮುಗಿಯಿತು. ರಾಸ್ ಸಮುದ್ರದ 15 ಲಕ್ಷಕ್ಕೂ ಹೆಚ್ಚು ಚದರ ಕಿಲೋಮೀಟರನ್ನು 2016ರಲ್ಲಿ ಸಂರಕ್ಷಿತ ವಲಯವೆಂದು ಸಾರಿದ ಮೇಲೆ ಪೂರ್ವ ಅಂಟಾರ್ಕ್ಟಿಕಾ, ವೆಡೆಲ್ ಸಮುದ್ರಗಳ ಪ್ರಸ್ತಾವಗಳು ವರ್ಷವರ್ಷವೂ ರಷ್ಯಾ, ಚೀನಾಗಳ ಆಕ್ಷೇಪಕ್ಕೆ ಸಿಕ್ಕಿ ನಿಂತಿವೆ. ಈ ಎರಡಕ್ಕೂ ಬೆಂಬಲವಿದೆಯೆಂದು ಭಾರತ 2021ರಲ್ಲಿ ಘೋಷಿಸಿತು. ಅದು ಸರಿಯಾದ ನಿಲುವು. 2022ರಲ್ಲಿ ನಮ್ಮ ಸಂಸತ್ತು ಅಂಟಾರ್ಕ್ಟಿಕ್ ಕಾಯಿದೆಯನ್ನೂ ಮಾಡಿತು. 2024ರ ಮೇ ತಿಂಗಳಲ್ಲಿ ಅಂಟಾರ್ಕ್ಟಿಕ್ ಒಪ್ಪಂದದ ರಾಷ್ಟ್ರಗಳ ಸಭೆ ಕೊಚ್ಚಿಯಲ್ಲೇ ನಡೆಯಿತು.

ನಮಗೂ ಆ ಕಡಲಿಗೂ ಇರುವ ನಂಟು ಮೀನಿನಿಂದಲೇ ಎಂದರೂ ತಪ್ಪಾಗದು. 1981ರ ಡಿಸೆಂಬರಿನಲ್ಲಿ ಗೋವೆಯಿಂದ ಹೊರಟ ಮೊದಲ ಭಾರತೀಯ ಯಾತ್ರೆಯ ನಾಯಕ ಡಾ. ಎಸ್. ಝಡ್. ಕಾಸಿಮ್ ಕಡಲಜೀವಿ ವಿಜ್ಞಾನಿ. ಅದಕ್ಕೂ ಮೊದಲು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದವರು. 1995-96ರಲ್ಲಿ ಸಾಗರ ಸಂಪದಾ ಎಂಬ ನಮ್ಮ ಸಂಶೋಧನಾ ಹಡಗು ಕ್ರಿಲ್‌ನ ಅಧ್ಯಯನಕ್ಕೆಂದೇ ದಕ್ಷಿಣಕ್ಕೆ ಹೋಗಿ ಬಂತು. ವಾಣಿಜ್ಯ ಮೀನುಗಾರಿಕೆಗೆ ಭಾರತ ಇಳಿದಿಲ್ಲ. ಇಳಿಯಬೇಕೆಂಬ ಆಸೆ ಮುಂದೆ ಯಾವಾಗಲಾದರೂ ಚಿಗುರಿದರೆ, ಹೋಬಾರ್ಟಿನಲ್ಲಿ ಆಡಿದ ಮಾತು ನೆನಪಿರಲಿ ಎಂದಷ್ಟೇ ಹೇಳಿ ಈ ಕಡೆಗೆ ತಿರುಗುತ್ತೇನೆ.

ಈ ಕಡೆ ಎಂದರೆ ವರ್ಸೋವಾ. ನನ್ನ ವಸತಿಯಿಂದ ಅರ್ಧ ಗಂಟೆಯ ದಾರಿ. ಮಳೆ ನಿಂತ ಮೇಲೆ ಅಲ್ಲಿ ಬಿದಿರಿನ ಹಂದರಗಳಲ್ಲಿ ಬೊಂಬಿಲ್ ಮೀನು ಜೋಡಿ ಜೋಡಿಯಾಗಿ ತೂಗಾಡುತ್ತದೆ. ಪಕ್ಕದಲ್ಲಿ ನೆಲದ ಮೇಲೆ ಗುಲಾಬಿ ಬಣ್ಣದ ಪುಡಿಯಂತೆ ಹರಡಿರುತ್ತದಲ್ಲ, ಅದು ಜವಳಾ. ಉಗುರಿಗಿಂತ ತುಸು ದೊಡ್ಡದಾದ ಸಿಗಡಿ. ಕುಲ ಬೇರೆಯಾದರೂ ಮುಂಬಯಿಯ ಕ್ರಿಲ್ ಇದೇ. ಬೊಂಬಿಲ್‌ನ ಮುಖ್ಯ ಆಹಾರ ಜವಳಾ. ಕೋಳಿ ಜನರು ಏರಿಳಿತದ ಸೆಳೆತಕ್ಕೆ ಎದುರಾಗಿ ಕಟ್ಟುವ ದೋಲ್ ಬಲೆಗೆ ಬೊಂಬಿಲ್ಲೂ ಬೀಳುತ್ತದೆ, ಅದರ ಅನ್ನವೂ ಬೀಳುತ್ತದೆ, ಬೇರೆ ಮೀನುಗಳ ಮರಿಗಳೂ ಬೀಳುತ್ತವೆ. ಇಷ್ಟು ಬೊಂಬಿಲ್‌ಗೆ ಇಷ್ಟು ಜವಳಾ ಕಡಲಲ್ಲಿ ಉಳಿಯಬೇಕು ಎಂಬ ನಿಯಮವನ್ನು ನಾನು ಎಲ್ಲಿಯೂ ಓದಿಲ್ಲ. ಆ ಹಂದರಗಳಿಗೆ ಕೂಗಳತೆಯಲ್ಲೇ 1961ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಿದೆ. ಭಾರತೀಯ ಮೀನುಗಾರಿಕಾ ಸಮೀಕ್ಷೆಯ ಕೇಂದ್ರ ಕಚೇರಿಯೂ ಇದೇ ನಗರದಲ್ಲಿದೆ. ಜ್ಞಾನದ ಕೊರತೆ ನಮಗಿಲ್ಲ.

ಕಾನೂನಿನ ಕೊರತೆಯೂ ಇಲ್ಲ. ಮಹಾರಾಷ್ಟ್ರದ ಕಡಲ ಮೀನುಗಾರಿಕಾ ನಿಯಂತ್ರಣ ಕಾಯಿದೆ 1981ರದು. ಕರ್ನಾಟಕದ್ದು 1986ರದು, ಭಾರತ ಹೋಬಾರ್ಟಿನ ಮೇಜಿಗೆ ಕುಳಿತ ಅದೇ ವರ್ಷ. ಮಹಾರಾಷ್ಟ್ರವು 2016ರಲ್ಲಿ ಪರ್ಸೀನ್ ದೋಣಿಗಳ ಸಂಖ್ಯೆಗೂ ಋತುವಿಗೂ ಕಡಿವಾಣ ಹಾಕಿತು. ಕಣ್ಣು ಕುಕ್ಕುವ ದೀಪ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. 2023ರಲ್ಲಿ ಮಾಂಜಿಯನ್ನು, ಇಲ್ಲಿಯವರ ಪಾಪ್ಲೆಟ್ಟನ್ನು, ಮಹಾರಾಷ್ಟ್ರ ತನ್ನ ರಾಜ್ಯ ಮೀನೆಂದು ಸಾರಿತು. 54 ಜಾತಿಯ ಮೀನುಗಳಿಗೆ ಇದಕ್ಕಿಂತ ಚಿಕ್ಕದನ್ನು ಹಿಡಿಯಕೂಡದೆಂಬ ಅಳತೆಯನ್ನೂ ಗೊತ್ತುಪಡಿಸಿತು. ಇವೆಲ್ಲ ಒಳ್ಳೆಯವೇ. ಆದರೆ ನಮ್ಮ ನಿಯಮಗಳು ಕೇಳುವುದು ಯಾವಾಗ, ಎಲ್ಲಿ, ಯಾವ ಬಲೆ, ಎಷ್ಟು ಉದ್ದ ಎಂಬುದನ್ನು. ಒಟ್ಟು ಎಷ್ಟು ಎಂದು ಯಾವುದೂ ಕೇಳುವುದಿಲ್ಲ. ನಿಷೇಧ ಮುಗಿದ ಮರುದಿನದಿಂದ ಮುಂದಿನ ಮೇ ಕೊನೆಯವರೆಗೆ ಎಷ್ಟು ಎತ್ತಿದರೂ ಅದು ನ್ಯಾಯವೇ. ದಕ್ಷಿಣ ಧ್ರುವದ ಪೆಂಗ್ವಿನ್ನಿಗೆ ಪಾಲು ಬಿಡಬೇಕೆಂದು ಅಲ್ಲಿ ಕೈಯೆತ್ತುವ ಸರಕಾರಕ್ಕೆ ಮಲ್ಪೆಯ ಅಂಜಲಿಗೂ ಮುಂಬಯಿ ಖಾರಿಯ ಹಂದಿಮೀನಿಗೂ ಪಾಲಿದೆಯೆಂಬುದು ಇಲ್ಲಿ ನೆನಪಾಗುವುದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಬೂತಾಯಿಯ ಪ್ರಸಂಗ ನೋಡಿ. ನಮ್ಮ ಪಡುವಣ ಕಡಲಿನಲ್ಲಿ ಕ್ರಿಲ್‌ನ ಸ್ಥಾನ ಅದರದು. ಮುಂಗಾರಿನ ಗಾಳಿ ಮೇಲ್ನೀರನ್ನು ಸರಿಸಿದಾಗ ಆಳದ ತಣ್ಣನೆಯ ಸತ್ವದ ನೀರು ಮೇಲೇಳುತ್ತದೆ. ಅದರಿಂದ ಹಬ್ಬುವ ಸೂಕ್ಷ್ಮ ಸಸ್ಯಗಳನ್ನು ಬೂತಾಯಿ ತಿನ್ನುತ್ತದೆ, ಬೂತಾಯಿಯನ್ನು ಅಂಜಲ್, ಕೇದರ, ಹಂದಿಮೀನು, ಕಡಲಹಕ್ಕಿಗಳು ತಿನ್ನುತ್ತವೆ. 1970ರ ದಶಕದ ನಡುಭಾಗದಲ್ಲಿ ಕರ್ನಾಟಕದ ಕಡಲಿಗೆ ಪರ್ಸೀನ್ ಬಲೆ ಇಳಿಯಿತು. ದಡಕ್ಕೆ ಬರುವ ಮೊದಲೇ ಗುಂಪನ್ನು ಸುತ್ತಿ ಕಟ್ಟುವ ಬಲೆ ಅದು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗುಂಪಾಯಿತು. ಬೂತಾಯಿ ಹೆಚ್ಚು ಬಂದಂತೆಲ್ಲ ಅದನ್ನು ಒಣಗಿಸಿ ಹುಡಿಮಾಡುವ, ಎಣ್ಣೆ ಹಿಂಡುವ ಕಾರ್ಖಾನೆಗಳು ಕರಾವಳಿಯಲ್ಲಿ ಎದ್ದವು. ಆ ಹುಡಿ ಹೋಗುವುದು ಸಾಕಣೆಯ ಸಿಗಡಿ, ಮೀನು, ಕೋಳಿಗಳ ಆಹಾರಕ್ಕೆ. ಬಡವರ ತಾಟಿನ ಮೀನು ಶ್ರೀಮಂತರ ತಾಟಿನ ಸಿಗಡಿಯಾಗಿ ಹಡಗು ಹತ್ತುತ್ತದೆ. ಧ್ರುವದಲ್ಲಿ ಕ್ರಿಲ್ ಸಾಲ್ಮನ್ ಆಗುವ ದಾರಿಯೂ ಇದೇ ಅಲ್ಲವೇ?

ಬೂತಾಯಿ ಸ್ವಭಾವತಃ ಚಂಚಲ. ಯಾರ ತಪ್ಪಿಲ್ಲದೆಯೂ ಒಂದೆರಡು ದಶಕ ಬಂದು ಒಂದು ದಶಕ ಮಾಯವಾಗುತ್ತದೆ. 1940ರ ದಶಕದಲ್ಲಿ ಹಾಗೆ ಮಾಯವಾದಾಗ, ದಕ್ಷಿಣ ಕನ್ನಡವನ್ನೂ ಆಳುತ್ತಿದ್ದ ಮದ್ರಾಸ್ ಸರಕಾರ 1943ರಲ್ಲಿ ಸಣ್ಣ ಕಣ್ಣಿನ ಬಲೆಗಳ ಮೇಲೆ ನಿರ್ಬಂಧ ಹೇರಿ, 1947ರಲ್ಲಿ ತೆಗೆದುಹಾಕಿತು. ನಮ್ಮ ಕಾಲದಲ್ಲಿ ಕೇರಳದ ಅಂಕಿಗಳು ಕಣ್ಣಿಗೆ ರಾಚುತ್ತವೆ. 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಆಮೇಲೆ ಮತ್ತೆ ಲಕ್ಷ ದಾಟಿತು, ನಿಜ. ಕಡಲು ಬಿಸಿಯಾದದ್ದು, ಎಲ್ ನಿನೊ, ಮರಿಗಳನ್ನೇ ಹಿಡಿದದ್ದು ಎಲ್ಲವನ್ನೂ ವಿಜ್ಞಾನಿಗಳು ಕಾರಣವಾಗಿ ಹೇಳುತ್ತಾರೆ. ತಾನಾಗಿ ಏರಿಳಿಯುವ ಆದಾಯವನ್ನು ನಂಬಿದವನು ಇಳಿಮುಖದ ವರ್ಷದಲ್ಲಿ ಕೈಬಿಗಿ ಹಿಡಿಯಬೇಕಷ್ಟೇ. ನಾವು ಇಳಿಮುಖದ ವರ್ಷದಲ್ಲಿ ಇನ್ನಷ್ಟು ಶಕ್ತಿಯ ಎಂಜಿನ್ನು ಕೂಡಿಸುತ್ತೇವೆ. ಊರ ಹತ್ತಿರದ ಕಡಲು ಬರಿದಾದಾಗ ಪಕ್ಕದ ರಾಜ್ಯದ ಕಡಲಿಗೆ ನುಗ್ಗುತ್ತೇವೆ. ಸಿಂಧುದುರ್ಗದ ನೀರಿನಲ್ಲಿ ಮಲ್ಪೆಯ ಟ್ರಾಲರ್ ಹಿಡಿದರೆಂಬ ಸುದ್ದಿ ಮರಾಠಿ ಪತ್ರಿಕೆಗಳಲ್ಲಿ ಬಂದ ದಿನ ಕಚೇರಿಯ ಮರಾಠಿ ಸಹೋದ್ಯೋಗಿಗಳು ನನ್ನ ಮುಖವನ್ನೇ ನೋಡುತ್ತಾರೆ. ಗಡಿ ವಿವಾದದ ಬಗ್ಗೆ ಉತ್ತರ ನನ್ನಲ್ಲಿರುತ್ತದೆ, ಇದಕ್ಕೆ ಇರುವುದಿಲ್ಲ.

ಧ್ರುವದ ಸೂತ್ರವನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿ ಹಿಡಿಯುವ ಹಡಗುಗಳು ಹತ್ತು ಹದಿನೈದು. ಇಲ್ಲಿ ಸಾವಿರಾರು ದೋಣಿಗಳು, ನೂರಾರು ಜಾತಿಯ ಮೀನುಗಳು, ಒಂದೇ ಬಲೆಗೆ ಹತ್ತು ಬಗೆ. 12 ನಾಟಿಕಲ್ ಮೈಲಿಯವರೆಗೆ ರಾಜ್ಯದ್ದು, ಅಲ್ಲಿಂದಾಚೆ 200ರವರೆಗೆ ಕೇಂದ್ರದ್ದು. ಮೀನಿಗೆ ಈ ಸಂವಿಧಾನ ಗೊತ್ತಿಲ್ಲ. ಮುಖ್ಯವಾಗಿ, ಅಲ್ಲಿನ ಹಡಗು ನಿಂತರೆ ಕಂಪನಿಯೊಂದರ ಲಾಭ ಇಳಿಯುತ್ತದೆ, ಇಲ್ಲಿನ ದೋಣಿ ನಿಂತರೆ ಒಲೆ ನಿಲ್ಲುತ್ತದೆ. ನನ್ನ ಮೊಗವೀರ ಗೆಳೆಯರು ಇದನ್ನೇ ಕಟುವಾಗಿ ಹೇಳಿದರು: "ಹಂದಿಮೀನಿಗೆ ಪಾಲು ಕೊಡಿ ಎನ್ನುತ್ತೀರಿ. ನಮ್ಮ ಪಾಲನ್ನು ಯಾರಾದರೂ ಕೇಳಿದ್ದಾರೆಯೇ? ಡೀಸೆಲ್ಲಿನ ಸಾಲಕ್ಕೆ ಯಾವ ಆಯೋಗ ಉತ್ತರ ಕೊಡುತ್ತದೆ?" ಅವರ ತಮ್ಮನಿಗೆ ಮಲ್ಪೆಯ ಪರ್ಸೀನ್ ದೋಣಿಯೊಂದರಲ್ಲಿ ಪಾಲಿದೆ. ಆ ಮಾತಿನಲ್ಲಿ ನೋವಿತ್ತು.

ಆದರೂ ಒಂದು ಮೀನಿನಿಂದ ಆರಂಭಿಸಬಹುದು ಎಂಬುದು ನನ್ನ ವಾದ. ಎಲ್ಲ ಮೀನಿಗೂ ಬೇಡ, ಬೂತಾಯಿಯೊಂದಕ್ಕೆ. ಅದು ಬೆರಕೆಯಿಲ್ಲದೆ ಗುಂಪಾಗಿ ಸಿಗುವ ಮೀನು. ಇಳಿಯುವುದು ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರಗಳಂಥ ಕೆಲವೇ ಬಂದರುಗಳಲ್ಲಿ. ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ದಶಕಗಳಿಂದ ಬಂದರುಗಳಲ್ಲಿ ನಿಂತು ಮಾದರಿ ಎಣಿಕೆ ಮಾಡಿ ವರ್ಷದ ಅಂದಾಜು ಕೊಡುತ್ತ ಬಂದಿದ್ದಾರೆ. ಅದರ ಆಧಾರದ ಮೇಲೆ ವರ್ಷಕ್ಕೊಂದು ಮೇಲ್ಮಿತಿಯನ್ನು ಮುಂಗಾರಿಗೆ ಮೊದಲೇ ಹೇಳಲಿ. ಕಡಲಿನ ಇತರ ಬಾಯಿಗಳಿಗೆ ಎಷ್ಟು ಎಂಬುದಕ್ಕೂ ಹೊರಗೆ ಒಂದು ಅಳತೆ ಸಿಕ್ಕಿದೆ. 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಏಳು ಕಡಲುಗಳ 14 ಜಾತಿಯ ಹಕ್ಕಿಗಳನ್ನು ನೋಡಿ, ಅವುಗಳ ಆಹಾರದ ಮೀನು ಅದರ ಗರಿಷ್ಠ ಪ್ರಮಾಣದ ಮೂರನೆಯ ಒಂದಂಶಕ್ಕಿಂತ ಕೆಳಗಿಳಿದರೆ ಮರಿಗಳು ಬದುಕುವುದು ಕುಸಿಯುತ್ತದೆ ಎಂದು ಕಂಡುಕೊಂಡಿತು. ನಮ್ಮ ಕಡಲಿಗೆ ಅಂಕಿ ಬೇರೆಯಿರಬಹುದು. ಅದನ್ನು ಹುಡುಕುವ ಕೆಲಸಕ್ಕೆ ವರ್ಸೋವಾದಿಂದ ಮಂಗಳೂರಿನವರೆಗೆ ಸಂಸ್ಥೆಗಳಿವೆ.

ಇನ್ನು ಅಳೆಯುವುದೆಲ್ಲಿ? ಪ್ರತಿ ದೋಣಿಗೂ ತಕ್ಕಡಿ ಹಿಡಿದು ಓಡುವ ಅಧಿಕಾರಿಗಳ ಪಡೆ ನಮ್ಮಲ್ಲಿಲ್ಲ, ಇದ್ದರೂ ಬಡ ಮೀನುಗಾರನೇ ಮೊದಲು ಸಿಕ್ಕಿಬೀಳುತ್ತಾನೆಂಬುದು ನನ್ನ ಇಲಾಖೆಯ ಅನುಭವ. ಲೆಕ್ಕಪರಿಶೋಧಕನು ಸಾವಿರ ಗಿರಾಕಿಗಳ ಹಿಂದೆ ಹೋಗುವುದಿಲ್ಲ, ಹಣ ಹಾದುಹೋಗುವ ಇಕ್ಕಟ್ಟಾದ ಬಾಗಿಲನ್ನು ಹುಡುಕುತ್ತಾನೆ. ಬೂತಾಯಿಯ ಮಟ್ಟಿಗೆ ಆ ಬಾಗಿಲು ಹುಡಿ ಮತ್ತು ಎಣ್ಣೆಯ ಕಾರ್ಖಾನೆ. ಅಲ್ಲಿ ಲಾರಿ ತೂಕವಾಗದೆ ಒಳಗೆ ಹೋಗುವುದಿಲ್ಲ, ತೂಕವಿಲ್ಲದೆ ಹಣ ಹೊರಗೆ ಬರುವುದಿಲ್ಲ. ಆ ತೂಕದ ಪುಸ್ತಕ ಈಗಾಗಲೇ ಇದೆ. ಬೇಕಾಗಿರುವುದು ಅದನ್ನು ಮೀನುಗಾರಿಕಾ ಇಲಾಖೆಗೆ ವಾರವಾರವೂ ತೆರೆದು ತೋರಿಸಬೇಕೆಂಬ ನಿಯಮ ಮಾತ್ರ. ಮಿತಿಯ ಇಂತಿಷ್ಟು ಭಾಗ ಮುಟ್ಟಿದಾಗ ಮೊದಲು ಕಾರ್ಖಾನೆಯ ಬಾಗಿಲು ಮುಚ್ಚಲಿ. ತಾಟಿಗೆ ಬರುವ ಬೂತಾಯಿ, ನಾಡದೋಣಿಯ ಬೂತಾಯಿ ಕೊನೆಯಲ್ಲಿ. ಹುಡಿಗೆ ಹೋಗುವುದೆಲ್ಲ ಕೊಳೆತ ಮೀನು ಎಂಬ ಸಮಜಾಯಿಷಿಯನ್ನು ನಾನು ಕೇಳಿದ್ದೇನೆ. ಹಾಗಿದ್ದರೆ ಪುಸ್ತಕ ತೆರೆಯಲು ಸಂಕೋಚವೇಕೆ?

ಮುಂಬಯಿ ಕನ್ನಡಿಗರಿಗೆ ಇದರಲ್ಲಿ ಏನು ಕೆಲಸ ಎಂದು ಕೇಳಬಹುದು. ಮೊಗವೀರ ವ್ಯವಸ್ಥಾಪಕ ಮಂಡಳಿ ಈ ನಗರದಲ್ಲಿ ಆರಂಭವಾದದ್ದು 1902ರಲ್ಲಿ. ನಮ್ಮಲ್ಲಿ ಎಷ್ಟು ಮನೆತನಗಳು ಇಲ್ಲಿಗೆ ಬಂದದ್ದು ಊರಿನ ಕಡಲು ಅನ್ನ ಕೊಡದ ವರ್ಷಗಳಲ್ಲಿ ಎಂಬುದನ್ನು ಹಿರಿಯರನ್ನು ಕೇಳಿದರೆ ತಿಳಿಯುತ್ತದೆ. ಭಾಷೆಗಾಗಿ, ರೈಲಿಗಾಗಿ, ಗಡಿಗಾಗಿ ನಮ್ಮ ಸಂಘಗಳು ಬೆಂಗಳೂರಿಗೂ ದಿಲ್ಲಿಗೂ ಮನವಿಗಳನ್ನು ಕಳುಹಿಸುತ್ತ ಬಂದಿವೆ. ಕಡಲಿಗಾಗಿ ಒಂದನ್ನೂ ಕಳುಹಿಸಿದ್ದು ನನ್ನ ಗಮನಕ್ಕೆ ಬಂದಿಲ್ಲ. ಸರಕಾರಿ ನೌಕರನಾದ ನಾನು ಸಹಿ ಹಾಕುವಂತಿಲ್ಲ, ಕರಡು ಬರೆದುಕೊಡಬಹುದು. ಬರೆದಿದ್ದೇನೆ. ಒಂದೂವರೆ ಪುಟ: ಬೂತಾಯಿಗೆ ವಾರ್ಷಿಕ ತೂಕದ ಮಿತಿ, ಕಾರ್ಖಾನೆಗಳ ತೂಕದ ಪುಸ್ತಕ, ಕರ್ನಾಟಕ, ಗೋವಾ, ಮಹಾರಾಷ್ಟ್ರ, ಕೇರಳಗಳು ಕೂಡಿ ಕೂರುವ ಒಂದು ಸಮಿತಿ.

ಕರಡನ್ನು ಮೊದಲು ತೋರಿಸಿದ್ದು ನನ್ನನ್ನು ನಕ್ಕ ಗೆಳೆಯರಿಗೇ. ಅವರು ಎರಡು ಬಾರಿ ಓದಿ, ಅಲ್ಲೇ ಕುಳಿತು ಮಲ್ಪೆಯ ತಮ್ಮನಿಗೆ ಫೋನು ಹಚ್ಚಿ ತುಳುವಿನಲ್ಲಿ ಅರ್ಥ ಹೇಳಿದರು. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, ಕಾರ್ಖಾನೆಯ ತೂಕ ಮೊದಲು ಆಗುವುದಾದರೆ ತನ್ನ ದೋಣಿಯದನ್ನೂ ಬರೆದುಕೊಳ್ಳಲಿ, ಆದರೆ ಮಿತಿ ಮುಗಿದ ಮೇಲಿನ ತಿಂಗಳುಗಳಿಗೆ ಕಲಾಸಿಗಳ ಸಂಬಳದ ದಾರಿಯನ್ನೂ ಆ ಕಾಗದದಲ್ಲಿ ಬರೆಯಿರಿ ಎಂದರಂತೆ. ಆ ಸಾಲು ನನ್ನ ಕರಡಿನಲ್ಲಿರಲಿಲ್ಲ. ಈಗ ಸೇರಿಸಿದ್ದೇನೆ. ಮುಂದಿನ ತಿಂಗಳ ಕೂಟದಲ್ಲಿ ಅದು ಸದಸ್ಯರ ಮುಂದೆ ಬರುತ್ತದೆ.